ಫೋನ್ ಮಾಡದೆ ಹೋದ ನಾಲ್ಕನೆಯ ಭೇಟಿ

ಗುಂಡ್ಲುಪೇಟೆಯ ಆ ಮನೆಯಿಂದ ಮೊದಲ ಸಲ ಕಂಪ್ಲೇಂಟ್ ಬಂದಾಗ ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ‘ಓವನ್ ವಿಪರೀತ ಕಾಯುತ್ತದೆ, ಬನ್ನು ಸೀಯುತ್ತದೆ’ ಎಂದು ಮೊಬೈಲಿಗೆ ಬಂದಿತ್ತು. ಬನ್ನು ಸೀದು ಹೋಗಲು ನೂರು ಕಾರಣ. ಅದರಲ್ಲಿ ತೊಂಬತ್ತು ಕಾರಣಗಳು ಓವನ್ನಿನ ಮುಂದೆ ಮೊಬೈಲ್ ಹಿಡಿದುಕೊಂಡು ನಿಂತಿರುತ್ತವೆ ಎಂಬುದು ನನ್ನ ಆಗಿನ ನಂಬಿಕೆ. ಈ ಕೆಲಸದಲ್ಲಿ ಬೇರು ಬಿಟ್ಟವನಿಗೆ ಮನುಷ್ಯರಿಗಿಂತ ಮಷೀನುಗಳ ಮೇಲೆ ಮರ್ಯಾದೆ ಜಾಸ್ತಿಯಾಗಿಬಿಡುತ್ತದೆ.

ನಮ್ಮ ಸರ್ವಿಸ್ ಸೆಂಟರ್ ಇರುವುದು ಚಾಮರಾಜನಗರದಲ್ಲಿ. ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬೈಕಿನಲ್ಲಿ ಒಂದು ಗಂಟೆ. ಹೊರಡುವ ಮೊದಲು ಗ್ರಾಹಕರಿಗೆ ಫೋನ್ ಮಾಡಿ ಬರುತ್ತಿದ್ದೇನೆಂದು ತಿಳಿಸುವುದು ನಮ್ಮಲ್ಲಿ ಕಡ್ಡಾಯ. ತಿಳಿಸಿದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ನೆನೆದು ತಲುಪುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡಾಗಿತ್ತು.

ಗೇಟಿಗೆ ಒಂದು ಹಾರ ತೂಗುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಕರ್ರಗೆ ಸೀದ ಬನ್ನುಗಳನ್ನು ಗೋಣಿ ದಾರದಲ್ಲಿ ಪೋಣಿಸಿ ಕಟ್ಟಿದ್ದರು. ಜಗುಲಿಯಲ್ಲಿ ಕುಳಿತಿದ್ದ ಮನೆಯ ಯಜಮಾನರು, ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು, ನಾನು ಅದನ್ನು ನೋಡುವುದನ್ನೇ ಕಾಯುತ್ತಿದ್ದರು.

“ಏನ್ ನೋಡ್ತೀರಿ ಇಂಜಿನಿಯರ್ ಸಾಹೇಬ್ರೆ? ನನ್ ಸೊಸೆ ಬೇಕರಿ ಮಡಗವ್ಳೆ. ಬೇಕರಿ ಅಂದ್ಮೇಲೆ ಒಂದ್ ಬೋರ್ಡು ಬ್ಯಾಡ್ವಾ?”

ನನಗೆ ನಗು ಬಂತು. ನಕ್ಕೆ. ಬಾಗಿಲಲ್ಲಿ ನಿಂತಿದ್ದ ಸೊಸೆ ನಾನು ನಕ್ಕಿದ್ದನ್ನು ನೋಡಿದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬಲಭುಜವನ್ನು ಸ್ವಲ್ಪ ತಗ್ಗಿಸಿಯೇ ನಡೆಯುತ್ತಿದ್ದಳು. ಗಂಡ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದ. ಆತನನ್ನು ನಾನು ಒಮ್ಮೆಯೂ ನೋಡಲಿಲ್ಲ.

ವಿಷಯವನ್ನು ಅವಳು ಚುಟುಕಾಗಿ ಹೇಳಿದಳು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ರಸ್ತೆಯಲ್ಲಿರುವ ಒಂದು ರೆಸಾರ್ಟಿನವರು ಬೆಳಗಿನ ತಿಂಡಿಗೆ ದಿನಾ ಅರವತ್ತು ಬನ್ನು ಕೇಳಿದ್ದರು. ಒಂದು ವಾರ ಪರೀಕ್ಷೆ. ಆ ವಾರದಲ್ಲಿ ಎರಡು ದಿನ ಸೀದು ಹೋಯಿತು. ಮ್ಯಾನೇಜರು ಒಳ್ಳೆಯವನು, ಮುಂದಿನ ತಿಂಗಳ ಮೊದಲ ಸೋಮವಾರದಿಂದ ಇನ್ನೊಂದು ವಾರ ಕೊಡುತ್ತೇನೆ ಎಂದಿದ್ದ. ಅದೂ ಕೆಟ್ಟರೆ ಅವಳು ಮತ್ತೆ ಗಾರ್ಮೆಂಟ್ಸಿಗೆ ಹೋಗಬೇಕು. ಆರು ವರ್ಷ ಹೊಲಿಗೆ ಮಷೀನಿನ ಮುಂದೆ ಕುಳಿತು ಬಲಗೈ ಭುಜದಿಂದ ಮೇಲೇಳದಂತಾಗಿ ಬಿಟ್ಟುಬಂದ ಕೆಲಸ ಅದು. ಮಾವ ಆಗಲೇ ಅಲ್ಲಿನ ಸೂಪರ್‌ವೈಸರಿಗೆ ಹೇಳಿ ಇಟ್ಟಿದ್ದರು.

“ಇನ್ನೂರಕ್ಕೆ ಇಟ್ಟು ಹದಿನೆಂಟು ನಿಮಿಷ ಅಣ್ಣ. ಒಂದಿನ ಅಂಗಡೀಲಿ ಬರೋ ಥರಾನೇ ಬತ್ತದ. ಇನ್ನೊಂದಿನ ಹತ್ತೇ ನಿಮಿಷಕ್ಕೆ ಕರಿಯಾಗೋಯ್ತದ. ನಾನು ಬೇರೆ ಏನೂ ಮಾಡಿರಲ್ಲ.”

“ಎಲ್ಲ್ರೂ ಅಂಗೇ ಅನ್ನದು ಕನಮ್ಮಿ,” ಎಂದರು ಮಾವ ಹೊರಗಿನಿಂದ.

ಅಡುಗೆಮನೆಯಲ್ಲಿ ಅತ್ತೆ ಇದ್ದರು. ಹಂಚಿಕಡ್ಡಿಯಂತೆ ತೆಳ್ಳಗಿದ್ದ ಮುದುಕಿ. ಓವನ್ನಿನ ಮೇಲ್ಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಟ್ಟೆಯನ್ನು ಕನ್ನಡಿಯಂತೆ ಇಟ್ಟಿದ್ದರು. ಅಷ್ಟು ಚೊಕ್ಕಟವಾದ ಮಷೀನು ನನಗೆ ಸಿಗುವುದು ಅಪರೂಪ. ನಾನು ಸ್ಕ್ರೂ ಬಿಚ್ಚುತ್ತಿದ್ದಾಗ ಅವರು ಒಂದು ಸೀದ ಬನ್ನನ್ನು ಚಾಕುವಿನಿಂದ ಕೆರೆದು, ಕಾಫಿಯಲ್ಲಿ ಅದ್ದಿಕೊಂಡು ತಿಂದರು.

“ಮೇಲ್ದು ಕೆರ್ದುಬುಟ್ರೆ ಒಳ್ಗ ಸಂದಾಗೇ ಅದ ಕನಪ್ಪ. ನನ್ ಸೊಸ ಕೈಯಿ ತಪ್ಪಿಲ್ಲ. ಒಸಿ ನೀನೇ ಸರ್ಯಾಗಿ ನೋಡು.”

ನೋಡಿದೆ. ಓವನ್ನಿನ ಹಿಂಬದಿಯ ಗೋಡೆಯಲ್ಲಿ ಪೆನ್ಸಿಲಿನಷ್ಟು ದಪ್ಪದ ಒಂದು ಸೆನ್ಸರ್ ಇರುತ್ತದೆ. ಒಳಗೆ ಬಿಸಿ ಏರಿದಂತೆ ಅದರ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಏರುತ್ತದೆ. ಬಟನ್ನುಗಳ ಹಿಂದಿರುವ ಕಂಟ್ರೋಲ್ ಬೋರ್ಡು ಆ ಲೆಕ್ಕ ಓದಿಕೊಂಡು ಹೀಟರಿಗೆ ಕರೆಂಟು ಕೊಡುತ್ತದೆ, ತಡೆಯುತ್ತದೆ. ಸೆನ್ಸರಿನ ಪಕ್ಕಕ್ಕೆ ನನ್ನ ಮೀಟರಿನ ತಂತಿ ಇಳಿಬಿಟ್ಟು, ಇನ್ನೂರಕ್ಕೆ ಇಟ್ಟು, ಮುಕ್ಕಾಲು ಗಂಟೆ ಕುಳಿತೆ. ನೂರತೊಂಬತ್ತನಾಲ್ಕಕ್ಕೆ ಇಳಿಯಿತು, ಇನ್ನೂರ ಆರಕ್ಕೆ ಏರಿತು, ಮತ್ತೆ ಇಳಿಯಿತು. ಅದಕ್ಕಿಂತ ಸಾಧು ಓವನ್ ಇರಲಾರದು.

‘ಉಪಕರಣ ಸರಿಯಾಗಿದೆ. ಬಳಕೆಯ ತಪ್ಪು. ತಿಳಿವಳಿಕೆ ನೀಡಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ಮಾವ ಆ ಚೀಟಿಯನ್ನು ಇಸಿದುಕೊಂಡು, ಟಿಕೆಟ್ ಕೇಳುವ ಗಂಟಲಲ್ಲಿ ಬೀದಿಗೆಲ್ಲ ಕೇಳುವಂತೆ ಓದಿದರು. ಸೊಸೆ ಒಳಗೆ ಹೋದಳು. ಬೈಕ್ ಹತ್ತುವಾಗ ನನಗೆ ಸ್ವಲ್ಪವೂ ಬೇಸರವಾಗಿರಲಿಲ್ಲ. ಮಧ್ಯಾಹ್ನದ ಊಟ ತಪ್ಪಿತಲ್ಲ ಎಂದಷ್ಟೇ ಇತ್ತು.

ಎಂಟು ದಿನಕ್ಕೆ ಎರಡನೆಯ ಕಂಪ್ಲೇಂಟ್. ಈ ಸಲ ಅವಳು ವಿಡಿಯೊ ತೆಗೆದು ಇಟ್ಟಿದ್ದಳು. ಫಲಕದಲ್ಲಿ ಇನ್ನೂರು ಎಂದು ಹೊಳೆಯುತ್ತಿದೆ, ಗಾಜಿನ ಹಿಂದೆ ಬನ್ನುಗಳು ಕಣ್ಣೆದುರೇ ಕಪ್ಪಾಗುತ್ತಿವೆ. ವಿಡಿಯೊ ಸುಳ್ಳು ಹೇಳುವುದಿಲ್ಲ. ಬೋರ್ಡು ಇನ್ನೂರು ಎಂದುಕೊಂಡಿದ್ದಾಗ ಒಳಗೆ ಇನ್ನೂರೈವತ್ತರ ಹತ್ತಿರ ಇರಬೇಕು. ಅಂದರೆ ಸೆನ್ಸರ್ ಕಡಿಮೆ ತೋರಿಸುತ್ತಿದೆ. ಫೋನ್ ಮಾಡಿ ಹೋದೆ. ಸೆನ್ಸರ್ ಬಿಚ್ಚಿ ಅಳೆದರೆ ಸಾವಿರದ ನೂರು ಓಮ್, ಆ ದಿನದ ಹವೆಗೆ ಎಷ್ಟಿರಬೇಕೋ ಅಷ್ಟೇ. ಆದರೂ ಹೊಸದು ಹಾಕಿದೆ. ಕೆಲವೊಮ್ಮೆ ತಂತಿ ಒಳಗೊಳಗೇ ಬಿಟ್ಟುಕೊಂಡಿರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಐದು ದಿನಕ್ಕೆ ಮೂರನೆಯದು. ಹೋದ ಬಾರಿಯಂತೆಯೇ ಫೋನ್ ಮಾಡಿ ಹೋದೆ, ಹೋದ ಬಾರಿಯಂತೆಯೇ ಕಟ್ಟೆ ಥಳಥಳ ಹೊಳೆಯುತ್ತಿತ್ತು, ಓವನ್ ಸಾಧುವಾಗಿತ್ತು. ಗೋಡೆಯ ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿದೆ, ಅರ್ಥಿಂಗ್ ನೋಡಿದೆ. ಹೀಟರಿನ ಸ್ವಿಚ್ಚಿನಂಥ ರಿಲೇ ಅಂಟಿಕೊಳ್ಳುತ್ತಿದೆಯೇ ಎಂದು ನಲವತ್ತು ಸಲ ಆನ್ ಆಫ್ ಮಾಡಿ ಕಿವಿಗೊಟ್ಟೆ. ಏನೂ ಇಲ್ಲ. ಕೊನೆಗೆ ಇಡೀ ಕಂಟ್ರೋಲ್ ಬೋರ್ಡನ್ನೇ ಬದಲಾಯಿಸಿದೆ. ಗೊತ್ತಾಗದಿದ್ದಾಗ ಮೆಕ್ಯಾನಿಕ್ ಮಾಡುವ ಕೆಲಸ ಅದು. ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

“ಓವನ್ನೆಲ್ಲ ಬದ್ಲಾಯ್ಸಾಯ್ತು. ಇನ್ ಸೊಸೆ ಒಬ್ಳೇ ಉಳ್ದಿರದು. ಅವ್ಳ್ಗೂ ವಾರಂಟಿ ಅದಾ ಕೇಳಿ ಸಾಹೇಬ್ರೆ.”

ಅತ್ತೆ ಮಾತ್ರ ಗದರಿದರು. “ನಿನ್ ಬಾಯಿಗೆ ಮಣ್ ಹಾಕ. ಮಗ ದಿನಾಗ್ಲೂ ನಾಲ್ಕ್ಗಂಟ್ಗೆ ಏಳ್ತದ. ನೀನು ಬಿದ್ದಿರ್ತೀಯ.” ಸೊಸೆಯನ್ನು ಅವರು ಕರೆಯುತ್ತಿದ್ದುದೇ ಮಗ ಎಂದು. ಆ ಮನೆಯಲ್ಲಿ ಅವಳ ಪರವಾಗಿ ಬಾಯಿ ತೆರೆಯುತ್ತಿದ್ದುದು ಅವರೊಬ್ಬರೇ.

ಕಿತ್ತ ಬೋರ್ಡನ್ನು ಚಾಮರಾಜನಗರಕ್ಕೆ ತಂದು, ಮೇಜಿನ ದೀಪದಡಿ ಭೂತಗನ್ನಡಿ ಹಿಡಿದು ಕುಳಿತೆ. ಸೆನ್ಸರಿನ ತಂತಿ ಬಂದು ಸೇರುವ ಪ್ಲಗ್ಗಿನ ಬುಡದಲ್ಲಿ ಹಸಿರು ಪಾಚಿಯಂಥದ್ದು ಕಟ್ಟಿತ್ತು, ಸುತ್ತ ಬಿಳಿ ಪುಡಿ. ಹಲ್ಲಿಯ ಉಚ್ಚೆ ಇರಬಹುದು ಎಂದುಕೊಂಡೆ. ನಮ್ಮ ಕಡೆ ಅರ್ಧ ಬೋರ್ಡುಗಳು ಸಾಯುವುದು ಅದರಿಂದಲೇ. ಆದರೆ ಇದು ಬೇರೆ ಥರ ಇತ್ತು, ಹರಳು ಹರಳಾಗಿ. ಬೆರಳ ತುದಿಗೆ ಹತ್ತಿಸಿ ನಾಲಿಗೆಗೆ ಇಟ್ಟೆ. ಉಪ್ಪು. ಅಡುಗೆ ಉಪ್ಪು.

ಉಪ್ಪು ತೇವ ಹೀರುತ್ತದೆ. ತೇವದ ಉಪ್ಪು ಎರಡು ಪಿನ್ನುಗಳ ನಡುವೆ ಕಳ್ಳದಾರಿ ಮಾಡಿ ಸ್ವಲ್ಪ ಕರೆಂಟು ಬಿಟ್ಟುಕೊಡುತ್ತದೆ. ಆಗ ಬೋರ್ಡಿಗೆ ಸೆನ್ಸರಿನ ಲೆಕ್ಕ ಕಡಿಮೆ ಕಾಣುತ್ತದೆ, ಓವನ್ ಇನ್ನೂ ತಣ್ಣಗಿದೆ ಎಂದುಕೊಂಡು ಹೀಟರ್ ಉರಿಸುತ್ತಲೇ ಇರುತ್ತದೆ. ಒಂದು ಒಬ್ಬೆ ಬೆಂದ ಮೇಲೆ ಆ ಬಿಸಿಗೆ ಎಲ್ಲ ಒಣಗಿ ಕಳ್ಳದಾರಿ ಮುಚ್ಚಿಹೋಗುತ್ತದೆ. ನಾನು ಪ್ರತಿ ಸಲ ಮಧ್ಯಾಹ್ನ ಹೋಗಿ ಒಣಗಿದ ಓವನ್ನನ್ನೇ ಅಳೆದು ಬಂದಿದ್ದೆ. ಇಷ್ಟು ಹೊಳೆದಾಗ ನನಗೆ ಖುಷಿಯಾಯಿತು, ನಾಚಿಕೆಯೂ ಆಯಿತು. ನಾಚಿಕೆ ಬಂದಾಗ ನನಗೆ ಸಿಟ್ಟೂ ಬರುತ್ತದೆ, ಅದು ನನ್ನ ಹುಟ್ಟುಗುಣ.

ಸೊಸೆಗೆ ಫೋನ್ ಮಾಡಿ ರೇಗಿದೆ. “ಹಿಟ್ಟು ಕಲಸಿದ ಉಪ್ಪುಗೈಯಲ್ಲಿ ಮಷೀನ್ ಮುಟ್ಟುತ್ತೀರೇನಮ್ಮಾ?”

“ಇಲ್ಲ ಅಣ್ಣ. ಕೈ ತೊಳೀದೆ ನಾನು ಬಟನ್ ಮುಟ್ಟಲ್ಲ.” ಆಮೇಲೆ, “ಮುಟ್ಟಿರಬೋದಾ? ಜ್ಞಾಪ್ಕ ಇಲ್ಲ ಅಣ್ಣ,” ಎಂದಳು. ಮೂರು ವಾರಗಳಲ್ಲಿ ನಾವೆಲ್ಲ ಸೇರಿ ಅವಳ ನೆನಪನ್ನೇ ಅವಳು ನಂಬದ ಹಾಗೆ ಮಾಡಿಬಿಟ್ಟಿದ್ದೆವು. ಹೊಸ ಬೋರ್ಡು ಹಾಕಿ ನಾಲ್ಕು ದಿನವಾಗಿತ್ತು, ಆ ದಿನ ಬೆಳಿಗ್ಗೆ ಮತ್ತೆ ಸೀದಿತ್ತು. ರೆಸಾರ್ಟಿನ ಸೋಮವಾರಕ್ಕೆ ಎರಡೇ ದಿನ ಉಳಿದಿತ್ತು.

ಬಟನ್ನು ಮುಟ್ಟಿದರೆ ಉಪ್ಪು ಪ್ಲಗ್ಗಿನ ಬುಡಕ್ಕೆ ಹೋಗುವುದಿಲ್ಲ. ಮೇಲಿನಿಂದ ಇಳಿಯಬೇಕು, ಗಾಳಿ ಆಡಲೆಂದು ಬಿಟ್ಟಿರುವ ಸಂದುಗಳ ಮೂಲಕ. ಆದರೆ ನಾನು ಹೋದಾಗಲೆಲ್ಲ ಮೇಲೆ ಏನೂ ಇರಲಿಲ್ಲ, ಒರೆಸಿ ಇಟ್ಟಿರುತ್ತಿತ್ತು. ಹೋದಾಗಲೆಲ್ಲ. ಅಂದರೆ ನಾನು ಬರುತ್ತೇನೆಂದು ಗೊತ್ತಾದಾಗಲೆಲ್ಲ. ಭಾನುವಾರ ಪೂರ್ತಿ ಅದೇ ತಲೆಯಲ್ಲಿ ಕೊರೆಯಿತು. ಸೋಮವಾರ ಫೋನ್ ಮಾಡದೆ ಹೋಗುವುದೆಂದು ತೀರ್ಮಾನಿಸಿದೆ. ಕಂಪ್ಲೇಂಟ್ ಇಲ್ಲದೆ, ತಿಳಿಸದೆ ಗ್ರಾಹಕರ ಮನೆಗೆ ಕಾಲಿಟ್ಟರೆ ನಮ್ಮ ಮ್ಯಾನೇಜರು ಮೆಮೋ ಕೊಡುತ್ತಾರೆ. ಕೊಡಲಿ ಬಿಡು ಎನ್ನಿಸಿತು.

ಬೆಳಿಗ್ಗೆ ಐದೂವರೆಗೆ ಅವರ ಗೇಟಿನಲ್ಲಿದ್ದೆ. ಮಂಜು, ಸೋನೆ. ಬಾಗಿಲು ತೆರೆದೇ ಇತ್ತು. ಸೊಸೆ ಹಿಟ್ಟಿನ ತಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡು ಓವನ್ ಆನ್ ಮಾಡಲು ಕೈ ಚಾಚಿದ್ದಳು. “ಮುಟ್ಟಬೇಡಿ,” ಎಂದು ಕೂಗಿ ಒಳಗೆ ನುಗ್ಗಿದೆ.

ಓವನ್ನಿನ ಮೇಲೆ ಬಲಮೂಲೆಯಲ್ಲಿ ಒಂದು ಸ್ಟೀಲಿನ ಲೋಟ ಇತ್ತು. ಅದರ ತುಂಬ ಕಲ್ಲುಪ್ಪು, ನಡುವೆ ನಾಲ್ಕು ಒಣಮೆಣಸಿನಕಾಯಿ, ಮೇಲೊಂದು ನಿಂಬೆಹಣ್ಣು. ದೃಷ್ಟಿ ತಾಕದಿರಲೆಂದು ಅಂಗಡಿಗಳ ಗಲ್ಲಾದಲ್ಲೂ ಹೊಸ ಮನೆಗಳಲ್ಲೂ ಇಡುವಂಥದ್ದು. ಮಳೆಗಾಲದ ತೇವಕ್ಕೆ ಉಪ್ಪು ಕರಗಿ, ಲೋಟದ ಅಂಚು ಹತ್ತಿ, ಹೊರಮೈಯಲ್ಲಿ ಬೆಳ್ಳಗೆ ಕೆನೆಗಟ್ಟಿ ಕೆಳಗಿಳಿದಿತ್ತು. ಲೋಟದ ಬುಡದಿಂದ ಒಂದು ತೆಳ್ಳನೆಯ ನೀರಗೆರೆ ನೇರವಾಗಿ ಗಾಳಿಯ ಸಂದಿನೊಳಗೆ ಹೋಗಿತ್ತು. ಆ ಸಂದಿನ ಕೆಳಗೇ ಬೋರ್ಡು.

ಪ್ಲಗ್ ಕಿತ್ತೆ, ಮುಚ್ಚಳ ಬಿಚ್ಚಿದೆ. ಸೆನ್ಸರಿನ ತಂತಿಯನ್ನು ಎರಡೂ ಕಡೆ ಬಿಡಿಸಿ ಅದರ ಪ್ಲಗ್ಗಿನ ಎರಡು ಪಿನ್ನುಗಳಿಗೆ ಮೀಟರ್ ಕಚ್ಚಿಸಿದೆ. ನಡುವೆ ಬರಿ ಪ್ಲಾಸ್ಟಿಕ್ಕು, ಮೀಟರ್ ಏನನ್ನೂ ತೋರಿಸಬಾರದು. ಇಪ್ಪತ್ತು ಸಾವಿರ ಓಮ್ ತೋರಿಸಿತು. ಸೆನ್ಸರಿಗೆ ಜೊತೆಯಾಗಿ ಅಷ್ಟು ಸೇರಿಕೊಂಡರೆ ಇನ್ನೂರರ ಓವನ್ ಇನ್ನೂರೈವತ್ತರ ಹತ್ತಿರ ಹೋಗುತ್ತದೆ. ಲೆಕ್ಕ ಸರಿಯಾಗಿ ಕೂತಿತು. ಸ್ಪಿರಿಟ್ಟಿನಲ್ಲಿ ತೊಳೆದು, ಬಿಸಿಗಾಳಿ ಹೊಡೆದು ಮತ್ತೆ ಅಳೆದೆ. ಏನೂ ಇಲ್ಲ. ಮುಚ್ಚಿ ಆನ್ ಮಾಡಿದೆ. ಆರು ಗಂಟೆ ಹತ್ತು ನಿಮಿಷಕ್ಕೆ ಮೊದಲ ತಟ್ಟೆ ಒಳಗೆ ಹೋಯಿತು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ‘ಒಳಗೆ ತೇವ ಇಳಿದಿತ್ತು, ಮೇಲೆ ಏನೂ ಇಡಬೇಡಿ’ ಎಂದಷ್ಟು ಹೇಳಿ ಲೋಟವನ್ನು ಪಕ್ಕಕ್ಕಿಟ್ಟು ಬರಬಹುದಿತ್ತು. ಅಷ್ಟರಲ್ಲಿ ಮಾವ ಎದ್ದು ಬಂದರು, ನನ್ನನ್ನು ನೋಡಿ ಬಾಯಿ ಬಿಟ್ಟರು. “ಓಹೋ! ಇಂಜಿನಿಯರ್ ಸಾಹೇಬ್ರು ನಮ್ಮನೇಲೇ ಮಲಗ್ಬುಟ್ಟಿದ್ರಾ? ಓವನ್ ಸರಿ ಮಾಡಕಂತೂ ಬರಲ್ಲ, ತಿಂಡಿಗಾದ್ರೂ ಬನ್ನಿ.”

ಮೂರು ಭೇಟಿಯ ಸಿಟ್ಟು ನೆತ್ತಿಗೇರಿತು. ಲೋಟವನ್ನು ಎತ್ತಿ ಅವರ ಮುಖದ ಹತ್ತಿರ ಹಿಡಿದೆ.

“ನೋಡಿ ಯಜಮಾನ್ರೆ. ನಿಮ್ಮ ಸೊಸೆಯ ಕೈಯೂ ಅಲ್ಲ, ನನ್ನ ಕೈಯೂ ಅಲ್ಲ. ಇದು. ಈ ಉಪ್ಪು ಇಳಿದು ಇಳಿದು ಬೋರ್ಡು ತಿಂದಿದೆ. ನಾನು ಬರುತ್ತೇನೆಂದು ಗೊತ್ತಾದಾಗಲೆಲ್ಲ ಇದನ್ನು ಬಚ್ಚಿಟ್ಟಿದ್ದಾರೆ. ಬಚ್ಚಿಟ್ಟು, ಒರೆಸಿ, ಏನೂ ಗೊತ್ತಿಲ್ಲದ ಹಾಗೆ ನಿಂತಿದ್ದಾರೆ. ನಾನು ಪೆದ್ದನಂತೆ ಮೂರು ಸಲ ಬಂದು ಹೋದೆ.”

ಅತ್ತೆ ಹಿತ್ತಲ ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದರು. ಕೊಡ ಕೆಳಗಿಡಲಿಲ್ಲ.

“ನಾನೇ ಮಡಗಿದ್ದು ಕನಪ್ಪ. ರೆಸಾಲ್ಟು ಕಾರು ಬಂದು ನಿಂತ್ಕತದಲ್ಲ, ಬೀದೀಲಿರೋರ ಕಣ್ಣೆಲ್ಲ ಇವಳ ಮೇಲೇ. ಮಗೀಗ್ ತಾಕ್ಬಾರ್ದು ಅಂತ ಮಡಗ್ದಿ. ನೀ ಬಂದಾಗ ತಗ್ದಿಡ್ತಿದ್ದಿ. ದಿಷ್ಟಿ ಎಳ್ಕಂಡಿರೋ ಉಪ್ಪ ಬೇರೆಯೋರು ಮುಟ್ಟಬಾರ್ದು. ಮುಟ್ಟಿದ್ರ ಅವ್ರಿಗ್ ತಾಕ್ತದ. ನಿಂಗ್ ತಾಕ್ಬಾರ್ದಲ್ಲ ಅಂತ.”

ನನಗಾಗಿ ಎತ್ತಿಡುತ್ತಿದ್ದರು. ಅದು ನನ್ನ ಕಿವಿಗೆ ಬಿದ್ದು ಅರ್ಥವಾಗುವಷ್ಟರಲ್ಲಿ ಮಾವ ಶುರುಮಾಡಿಬಿಟ್ಟಿದ್ದರು. ಮೂರು ವಾರ ಸೊಸೆಯ ಮೇಲೆ ಹರಿದ ನಾಲಿಗೆ ಒಂದೇ ಕ್ಷಣದಲ್ಲಿ ದಿಕ್ಕು ಬದಲಿಸಿತು. “ಕೇಳ್ದಾ ಕನಮ್ಮಿ? ಬಚ್ಚಿಟ್ಟಿದ್ಲಂತ! ನಿನ್ ಮುಂದ ಮಗ, ಮಗ ಅಂತಾಳ, ಹಿಂದ್ಗಡೆಯಿಂದ ಉಪ್ ಸುರೀತಾಳ! ನಾನಾರ ಎದುರ್ಗೇ ಬಯ್ಯವ್ನು!” ಅವರಿಗೆ ಖುಷಿಯಾಗಿತ್ತು. ಅಷ್ಟು ಖುಷಿಯಾದ ಮುಖವನ್ನು ನಾನು ಆ ಮನೆಯಲ್ಲಿ ಅದುವರೆಗೆ ಕಂಡಿರಲಿಲ್ಲ.

ಸೊಸೆ ಅತ್ತೆಯನ್ನು ನೋಡಿದಳು. ನನ್ನನ್ನು ನೋಡಿದಳು. ಲೋಟವನ್ನು ಅವಳೂ ದಿನಾ ನೋಡಿದ್ದಳು, ದೇವರ ಪಟ ನೋಡುವ ಹಾಗೆ, ಅದು ಇದೆ ಎಂಬುದನ್ನೂ ಮರೆತು. ಅವಳೂ ನನಗೆ ಹೇಳಿರಲಿಲ್ಲ. ಆ ಮಾತನ್ನು ನಾನು ಆಗಲೇ ಎತ್ತಬೇಕಿತ್ತು. ಗೆದ್ದ ಅಮಲಿನಲ್ಲಿದ್ದೆ, ಎತ್ತಲಿಲ್ಲ.

“ಅತ್ತೆ, ಬನ್ನು ಆಗೋಗಂಟ ಈಚ ಕುಂತಿರಿ,” ಎಂದಳು ಸೊಸೆ. ದನಿ ಏರಿಸಲಿಲ್ಲ. ಮುದುಕಿ ಹೊರಗೆ ಹಿತ್ತಲಿಗೆ ಹೋದ ಮೇಲೆ ಹಿತ್ತಲ ಬಾಗಿಲಿನ ಚಿಲಕ ಹಾಕಿದಳು.

ಅರವತ್ತು ಬನ್ನುಗಳೂ ಒಂದೇ ಬಣ್ಣದಲ್ಲಿ ಬಂದವು. ಏಳೂವರೆಗೆ ಕಾರು ಬಂತು. ಆ ವಾರ ಒಂದು ದಿನವೂ ಸೀಯಲಿಲ್ಲ, ರೆಸಾರ್ಟಿನವರು ಒಪ್ಪಿಕೊಂಡರು, ಅವಳು ಗಾರ್ಮೆಂಟ್ಸ್ ಬಸ್ಸು ಹತ್ತಲಿಲ್ಲ. ನನಗೆ ಮೆಮೋ ಬದಲು ಶಹಬ್ಬಾಸ್ ಸಿಕ್ಕಿತು. ಸೆಂಟರಿನಲ್ಲಿ ಎಲ್ಲರಿಗೂ ಈ ಉಪ್ಪಿನ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳಿ ನಗಿಸಿದೆ. ನಗಿಸುವಾಗ ಆ ಮುದುಕಿಯ ದನಿಯನ್ನೂ ಅನುಕರಣೆ ಮಾಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆರು ತಿಂಗಳಾದ ಮೇಲೆ ಮಾಮೂಲಿ ಸರ್ವಿಸ್‌ಗೆಂದು ಅದೇ ಮನೆಗೆ ಹೋದೆ, ಫೋನ್ ಮಾಡಿಯೇ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ತಗಡಿನ ಮರೆ ಎದ್ದಿತ್ತು. ಅದರಡಿ ಸೌದೆ ಒಲೆ, ಎರಡು ಪಾತ್ರೆ, ಒಂದು ಮಣೆ. ಅತ್ತೆ ಅಲ್ಲಿ ಕುಳಿತು ತಮಗೆ ತಾವೇ ಮುದ್ದೆ ತಿರುವಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಎದ್ದರು.

“ಬಂದ್ಯಾ ಮಗ. ನಿನ್ನೇ ಕಾಯ್ತಿದ್ದಿ. ಈಗ ಒಲೆ ಸರಿಯಾಗದಲ್ಲ? ಒಳಕ್ ಬರ್ಬೋದು ಅಂತ ಒಂದ್ ಮಾತ್ ಏಳ್ಬುಡಪ್ಪ ಅವಳ್ಗ. ನನ್ ಮಾತ್ ಕೇಳಲ್ಲ. ನಿನ್ ಮಾತಂದ್ರ ನಂಬ್ತಾಳ.”

ಒಳಗೆ ಹೋದೆ. ಓವನ್ ಚೆನ್ನಾಗಿತ್ತು. ಗಾಳಿಯ ಸಂದುಗಳ ಮೇಲೆ ಮಡಚಿದ ತಗಡು ಕೂರಿಸಿದರೆ ನೀರು ಹುಯ್ದರೂ ಒಳಗೆ ಇಳಿಯುವುದಿಲ್ಲ, ಹತ್ತು ನಿಮಿಷದ ಕೆಲಸ, ಮಾಡಿಬಿಡುತ್ತೇನೆ, ಆಮೇಲೆ ಯಾರು ಏನು ಇಟ್ಟರೂ ಭಯವಿಲ್ಲ, ಅಜ್ಜಿ ಒಳಗೆ ಬರಲಿ ಎಂದೆ.

“ಬ್ಯಾಡಿ ಅಣ್ಣ. ಇಂಗೇ ಚೆನ್ನಾಗದ.”

“ಅವರು ಬೇಕೆಂದು ಮಾಡಿದ್ದಲ್ಲಮ್ಮ.”

“ನೀವೇ ಅಂದ್ರಲ್ಲ, ಬಚ್ಚಿಡ್ತಿದ್ರು ಅಂತ.”

“ಅದು ಸಿಟ್ಟಿನಲ್ಲಿ ಅಂದ ಮಾತು. ತಪ್ಪು ಮಾತು. ನನಗೆ ತಾಕಬಾರದು ಅಂತ ಎತ್ತಿಡುತ್ತಿದ್ದರಂತೆ, ನೀವೂ ಕೇಳಿಸಿಕೊಂಡಿರಿ. ಲೋಟ ನಿಮಗೂ ಗೊತ್ತಿತ್ತಲ್ಲಮ್ಮ.”

ಅವಳು ತಟ್ಟೆಗೆ ಎಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. “ಓವನ್ ವಿಷ್ಯ ಅವತ್ತು ನೀವು ಏಳಿದ್ದೆಲ್ಲ ನಿಜ ಆಯ್ತು. ಇದೊಂದೇ ಸುಳ್ಳಾಗದಾ? ಇರ್ಲಿ ಬುಡಿ ಅಣ್ಣ. ಗಾರ್ಮೆಂಟ್ಸ್ ಬಸ್ ಹತ್ತಬೇಕಾಗಿದ್ದೋಳು ನಾನು. ನೀವಲ್ಲ, ಅವರೂ ಅಲ್ಲ.”

ಎಲ್ಲ ಅಳೆದು, ಒರೆಸಿ, ಸಹಿ ಹಾಕಿಸಿಕೊಂಡು ಹಿತ್ತಲಿಗೆ ಬಂದೆ. ಮುದುಕಿ ಕೈಗೆ ಅಂಟಿದ್ದ ಮುದ್ದೆಯನ್ನೂ ತೊಳೆಯದೆ ನಿಂತಿದ್ದರು.

“ಏನಂದ್ಲು?”

ಸರಿಯಿರುವ ಮಷೀನನ್ನು ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿದವನಲ್ಲ. “ಓವನ್ ಇನ್ನೂ ಪೂರ್ತಿ ಸರಿಹೋಗಿಲ್ಲ ಅಜ್ಜಿ,” ಎಂದೆ. “ಇನ್ನೂ ಸ್ವಲ್ಪ ದಿನ ಯಾರೂ ಹತ್ತಿರ ಬರಬಾರದು.”

ಅವರ ಮುಖ ಬಾಡಿತು. ತಮಗಾಗಿ ಎಂದುಕೊಂಡೆ. ಅವರು ಅಡುಗೆಮನೆಯ ಕಿಟಕಿಯ ಕಡೆ ನೋಡಿ, ಒಳಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದರು:

“ಅಯ್ಯೋ, ಇನ್ನೂ ಸರಿ ಓಗಿಲ್ವಾ? ಪಾಪ, ನನ್ ಮಗೀಗ್ ಎಷ್ಟ್ ಕಷ್ಟ ಕೊಡ್ತದಪ್ಪ ಅದು. ನಾನು ಈಚ್ಲೇ ಇರ್ತೀನಿ ಬುಡು. ನೀನು ಒಸಿ ಬೇಗ ಸರಿ ಮಾಡ್ಕೊಡು ಅವಳ್ಗ.”